ಲೌಡನ್‌ನಲ್ಲಿ ಬದಲಾದದ್ದು ಮನಸ್ಸೋ, ಮನೆಗಳೋ?

"ನಮ್ಮ ಕ್ಷೇತ್ರ ಈಗ ಯಾರದು?" ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಆಶ್‌ಬರ್ನ್ ಕಡೆಯ ಕನ್ನಡಿಗರು ಚುನಾವಣೆ ಹತ್ತಿರ ಬಂದಾಗ ನನ್ನನ್ನು ಕೇಳುವ ಪ್ರಶ್ನೆ ಇದು. ಜನಗಣತಿಯ ಅಂಕಿ ಮತ್ತು ಮತಗಟ್ಟೆಗಳ ಲೆಕ್ಕ ಓದುವುದು ನನ್ನ ಕೆಲಸ. ಹಾಗಾಗಿ ನಾನು ಮೊದಲು ಪಕ್ಷ ನೋಡುವುದಿಲ್ಲ, ಮನೆಗಳನ್ನು ನೋಡುತ್ತೇನೆ.

ಇದು ಅಮೆರಿಕ ಸಂಸತ್ತಿನ ಕೆಳಮನೆಗೆ ಒಬ್ಬರನ್ನು ಕಳಿಸುವ 10ನೇ ಕ್ಷೇತ್ರ. ವಾಷಿಂಗ್ಟನ್ನಿನ ಪಶ್ಚಿಮಕ್ಕಿದೆ. 2021ರಲ್ಲಿ ಎಳೆದ ಗಡಿಯ ಪ್ರಕಾರ ಇದರಲ್ಲಿ ಸುಮಾರು 7.85 ಲಕ್ಷ ಜನ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಲೌಡನ್ ಕೌಂಟಿಯವರೇ. ಜೊತೆಗೆ ಕುದುರೆ ಸಾಕುವ ಫಾಕಿಯರ್, ಏಳು ಸಾವಿರ ಚಿಲ್ಲರೆ ಜನರ ರಾಪಹಾನಕ್, ಲ್ಯಾಟಿನೊ ಕುಟುಂಬಗಳು ತುಂಬಿರುವ ಮನಾಸಸ್ ಮತ್ತು ಮನಾಸಸ್ ಪಾರ್ಕ್, ಫೇರ್‌ಫ್ಯಾಕ್ಸ್ ಮತ್ತು ಪ್ರಿನ್ಸ್ ವಿಲಿಯಂ ಕೌಂಟಿಗಳ ಒಂದಿಷ್ಟು ಭಾಗ. ಇಷ್ಟೂ ಸೇರಿಸಿ ಸರಾಸರಿ ತೆಗೆದರೆ ಸಿಗುವಂಥ ಊರು ಎಲ್ಲೂ ಇಲ್ಲ.

ಲೌಡನ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1960ರಲ್ಲಿ ಇಲ್ಲಿ 24,549 ಜನ. ಹೈನುಗಾರಿಕೆಯ ಸೀಮೆ. 1962ರಲ್ಲಿ ಪಕ್ಕದಲ್ಲೇ ಡಲ್ಲೆಸ್ ವಿಮಾನ ನಿಲ್ದಾಣ ಬಂತು. ಆಮೇಲೆ ಇಂಟರ್ನೆಟ್ ಕೇಬಲ್‌ಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಗುತ್ತಿಗೆ ಹಿಡಿದ ಕಂಪನಿಗಳು. 1990ರಲ್ಲಿ 86,129 ಇದ್ದದ್ದು 2020ರಲ್ಲಿ 4,20,959 ಆಯಿತು. ಅಂದರೆ ಒಬ್ಬರಿದ್ದ ಜಾಗದಲ್ಲಿ ಐದು ಜನ. 2022ರ ನವೆಂಬರ್‌ನಲ್ಲಿ ಮೆಟ್ರೋ ರೈಲು ಆಶ್‌ಬರ್ನ್‌ವರೆಗೂ ಬಂತು. ಮನೆಯ ಆದಾಯದಲ್ಲಿ ಈ ಕೌಂಟಿ ಹಲವು ವರ್ಷಗಳಿಂದ ದೇಶದಲ್ಲೇ ಮುಂಚೂಣಿಯಲ್ಲಿದೆ. ಆದರೂ 15ನೇ ಹೆದ್ದಾರಿ ದಾಟಿ ಪಶ್ಚಿಮಕ್ಕೆ ಹೋದರೆ ಇವತ್ತಿಗೂ ದ್ರಾಕ್ಷಿತೋಟ, ಹುಲ್ಲುಗಾವಲು. ಅಲ್ಲಿನ ಮತವೂ ಬೇರೆ.

ರಿಪಬ್ಲಿಕನ್ ಪಕ್ಷದ ಫ್ರಾಂಕ್ ವುಲ್ಫ್ 1981ರಿಂದ 2015ರ ತನಕ ಈ ಕ್ಷೇತ್ರದ ಸದಸ್ಯರಾಗಿದ್ದರು. ಅಧ್ಯಕ್ಷ ಚುನಾವಣೆಯಲ್ಲೂ 1964ರ ನಂತರ ಲೌಡನ್ ಡೆಮಾಕ್ರಟಿಕ್ ಪಕ್ಷಕ್ಕೆ ಒಲಿದದ್ದು 2008ರಲ್ಲಿ, ಒಬಾಮಾ ನಿಂತಾಗ. "ಜನ ಮನಸ್ಸು ಬದಲಾಯಿಸಿದರು" ಅಂತ ಎಲ್ಲರೂ ಹೇಳುತ್ತಾರೆ. ನನ್ನ ಓದು ಬೇರೆ. ಹೆಚ್ಚಿನ ಪಾಲು, ಜನರೇ ಬದಲಾದರು. ವುಲ್ಫ್ ಮೊದಲ ಸಲ ಗೆದ್ದಾಗ ಇಂದಿನ ಬಡಾವಣೆಗಳಲ್ಲಿ ಬಹಳಷ್ಟು ಬರೀ ಹೊಲವಾಗಿದ್ದವು.

ಮನಸ್ಸು ಬದಲಾಗಲೇ ಇಲ್ಲ ಅಂತಲ್ಲ. 2016ರಲ್ಲಿ ಈ ಕ್ಷೇತ್ರ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್‌ಗೆ, ಸಂಸತ್ತಿಗೆ ರಿಪಬ್ಲಿಕನ್ ಬಾರ್ಬರಾ ಕಾಮ್‌ಸ್ಟಾಕ್‌ಗೆ ಗೆಲುವು ಕೊಟ್ಟಿತು. ಒಂದೇ ದಿನ, ಒಂದೇ ಚೀಟಿಯಲ್ಲಿ. ಎರಡೇ ವರ್ಷದಲ್ಲಿ ಆ ಸೌಜನ್ಯ ಮುಗಿಯಿತು. 2018ರಲ್ಲಿ ಡೆಮಾಕ್ರಟಿಕ್ ಪಕ್ಷದ ಜೆನಿಫರ್ ವೆಕ್ಸ್‌ಟನ್ ಶೇ. 12ರಷ್ಟು ಮತಗಳ ಅಂತರದಿಂದ ಕಾಮ್‌ಸ್ಟಾಕ್ ಅವರನ್ನು ಸೋಲಿಸಿದರು.

2022ರಲ್ಲಿ ವೆಕ್ಸ್‌ಟನ್ ಅಂತರ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಅದನ್ನು 2018ರ ಪಕ್ಕ ಇಟ್ಟು ನೋಡುವುದು ತಪ್ಪು. ನಡುವೆ ರಾಜ್ಯದ ಸುಪ್ರೀಂ ಕೋರ್ಟ್ ಹೊಸ ಗಡಿ ಎಳೆಯಿತು. ವಿಂಚೆಸ್ಟರ್ ಹೊರಗೆ ಹೋಯಿತು, ಫಾಕಿಯರ್ ಒಳಗೆ ಬಂತು. ಎರಡು ಬೇರೆ ಗದ್ದೆಗಳ ಇಳುವರಿಯನ್ನು ಒಂದೇ ಕೊಳಗದಲ್ಲಿ ಅಳೆದು ಜಗಳವಾಡಿದ ಹಾಗೆ ಅದು.

ಇನ್ನೊಂದು ತೊಡಕಿನ ಬಗ್ಗೆ ಹೊಸಬರಿಗೆ ನಾನು ತಪ್ಪದೆ ಹೇಳುತ್ತೇನೆ. ವರ್ಜೀನಿಯಾದ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರೇ ಇರುವುದಿಲ್ಲ. ಹಾಗಿರುವಾಗ "ಇಲ್ಲಿ ಇಷ್ಟು ಡೆಮಾಕ್ರಟರು ನೋಂದಾಯಿಸಿದ್ದಾರೆ" ಅಂತ ಯಾರಾದರೂ ಹೇಳಿದರೆ ಅದು ಊಹೆ. 2020ರ ಮತಗಟ್ಟೆ ನಕ್ಷೆಯನ್ನಂತೂ ಹಾಗೇ ನಂಬಬೇಡಿ. ಮುಂಚಿತವಾಗಿ ಹಾಕಿದ ಮತಗಳನ್ನು ಆಗ ಮತಗಟ್ಟೆವಾರು ತೋರಿಸದೆ ಒಂದೇ ಕಡೆ ಸೇರಿಸಿದ್ದರು. ಹಾಗಾಗಿ ಮತಗಟ್ಟೆಗಳ ಸಾಲಿನಲ್ಲಿ ಉಳಿದದ್ದು ಚುನಾವಣೆ ದಿನ ಬಂದವರ ಮತ ಮಾತ್ರ, ಅದರಲ್ಲಿ ರಿಪಬ್ಲಿಕನ್ ಮತ ಜಾಸ್ತಿ. ಬೈಡನ್ ಸುಲಭವಾಗಿ ಗೆದ್ದ ಬಡಾವಣೆಗಳೂ ನಕ್ಷೆಯಲ್ಲಿ ಕೆಂಪಾಗಿ, ಅಂದರೆ ರಿಪಬ್ಲಿಕನ್ ಬಣ್ಣದಲ್ಲಿ, ಕಾಣುತ್ತಿದ್ದವು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಜನಕ್ಕೂ ಮತಕ್ಕೂ ನಡುವಿನ ಅಂತರ. ಕ್ಷೇತ್ರದ ಗಡಿ ಎಳೆಯುವಾಗ ಎಲ್ಲರನ್ನೂ ಎಣಿಸುತ್ತಾರೆ. ಮಕ್ಕಳು, ವೀಸಾದ ಮೇಲೆ ಇರುವವರು, ಗ್ರೀನ್ ಕಾರ್ಡ್‌ಗಾಗಿ ವರ್ಷಗಟ್ಟಲೆ ಕಾಯುತ್ತಿರುವವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಮತ ಹಾಕುವುದು ಪ್ರಜೆಗಳು ಮಾತ್ರ. ಲೌಡನ್‌ನಲ್ಲಿ ಐದರಲ್ಲಿ ಒಬ್ಬರು ಏಷ್ಯಾ ಮೂಲದವರು. ಆದರೆ ಮತಗಟ್ಟೆಯ ಸಾಲಿನಲ್ಲಿ ಅಷ್ಟು ಜನ ಇರುವುದಿಲ್ಲ. ತೆರಿಗೆ ಕಟ್ಟಿ, ಶಾಲೆಗೆ ದೇಣಿಗೆ ಕೊಟ್ಟು, ಹದಿನೈದು ವರ್ಷ ಬದುಕಿದವರಿಗೂ ಒಂದು ಮತ ಇಲ್ಲ ಅಂದರೆ ನನಗೆ ಬೇಸರವಾಗುತ್ತದೆ.

ಮತ ಇರುವವರೂ ಒಂದೇ ಗುಂಪಲ್ಲ. 2022ರಲ್ಲಿ ವೆಕ್ಸ್‌ಟನ್ ಎದುರು ನಿಂತ ರಿಪಬ್ಲಿಕನ್ ಹಂಗ್ ಕಾವ್ ಹುಟ್ಟಿದ್ದು ವಿಯೆಟ್ನಾಂನಲ್ಲಿ. ಅನಾರೋಗ್ಯದಿಂದ ವೆಕ್ಸ್‌ಟನ್ ಹಿಂದೆ ಸರಿದ ಮೇಲೆ, 2024ರಲ್ಲಿ ಗೆದ್ದವರು ಡೆಮಾಕ್ರಟಿಕ್ ಪಕ್ಷದ ಸುಹಾಸ್ ಸುಬ್ರಹ್ಮಣ್ಯಂ. ಅವರ ಮನೆತನಕ್ಕೆ ಬೆಂಗಳೂರಿನ ನಂಟಿದೆ, ನಮ್ಮವರಿಗೆ ಖುಷಿಯಾಯಿತು. ಆದರೆ ಅದೇ ದಿನ ಲೌಡನ್‌ನಲ್ಲಿ ಕಮಲಾ ಹ್ಯಾರಿಸ್ ಮುನ್ನಡೆ ಶೇ. 16ರ ಆಸುಪಾಸಿಗೆ ನಿಂತಿತು. ನಾಲ್ಕು ವರ್ಷ ಹಿಂದೆ ಬೈಡನ್‌ಗೆ ಅಲ್ಲಿ ಸಿಕ್ಕ ಮುನ್ನಡೆ ಶೇ. 25. ಹೊಸ ಮನೆ ಬಂದರೆ ಮತ ತಾನಾಗಿ ಒಂದೇ ಕಡೆ ಬೀಳುತ್ತದೆ ಅಂದುಕೊಂಡಿದ್ದವರು, ನಾನೂ ಸೇರಿ, ಲೆಕ್ಕವನ್ನು ತಿದ್ದಿಕೊಳ್ಳಬೇಕಾಯಿತು.

ಈಗ ನನ್ನ ಕಣ್ಣು ಇನ್ನೊಂದು ಗುಂಪಿನ ಮೇಲಿದೆ. ಅಪ್ಪ ಅಮ್ಮ ಇನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲಿದ್ದಾರೆ, ಮಕ್ಕಳು ಅಲ್ಲೇ ಹುಟ್ಟಿ ಪ್ರಜೆಗಳಾಗಿದ್ದಾರೆ. ಆ ಮನೆಯ ಮೊದಲ ಮತ ಮಗಳದ್ದು. ಅದಕ್ಕೇ ಕ್ಷೇತ್ರ ಯಾರದು ಅಂತ ಕೇಳಿದವರನ್ನು ಈಗ ನಾನು ತಿರುಗಿ ಕೇಳುತ್ತೇನೆ: ನಿಮ್ಮ ಮಗಳಿಗೆ 18 ತುಂಬಿತಾ? ಪಟ್ಟಿಯಲ್ಲಿ ಹೆಸರು ಸೇರಿಸಿದಳಾ?