ಒಂಟಿ ಬಡ್ಜಿಗೆ ಜೊತೆ ತರುವ ಮುನ್ನ

ಹಕ್ಕಿ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಳದಿ, ಹಸಿರು, ನೀಲಿ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಜರಿಗರ್‌ಗಳು. ಸಾಕುವವರ ಬಾಯಲ್ಲಿ ಬಡ್ಜಿ. ನಿಜವಾದ ಲವ್‌ಬರ್ಡ್ ಆಫ್ರಿಕಾದ ಕಡೆಯದು, ಬಾಲ ಮೋಟು, ಕೊಕ್ಕು ದಪ್ಪ. ವ್ಯತ್ಯಾಸ ಗೊತ್ತಿಲ್ಲದೆ ಬಡ್ಜಿಯ ಪಂಜರಕ್ಕೆ ಲವ್‌ಬರ್ಡ್ ಬಿಟ್ಟರೆ ಬಡ್ಜಿಯ ಕಾಲ್ಬೆರಳು ತುಂಡಾಗುವುದುಂಟು. ಇವೆರಡನ್ನು ಒಟ್ಟಿಗೆ ಇಡಲೇಬಾರದು. ಬಡ್ಜಿಗೆ ಬಡ್ಜಿಯೇ ಜೊತೆ; ಅದು ಬಿಟ್ಟರೆ ಕಾಕಟೀಲ್ (ಜುಟ್ಟಿರುವ, ಬಡ್ಜಿಗಿಂತ ದೊಡ್ಡ ಗಿಳಿ ಜಾತಿ) ಆದೀತು. ಅಲ್ಲಿ ಪೆಟ್ಟು ತಿನ್ನುವುದು ಸಾಮಾನ್ಯವಾಗಿ ದೊಡ್ಡದೇ: 35 ಗ್ರಾಂ ತೂಗುವ ಬಡ್ಜಿ 90 ಗ್ರಾಮಿನ ಕಾಕಟೀಲನ್ನು ಅಟ್ಟಾಡಿಸಿ ಬಾಲದ ಗರಿ ಎಳೆಯುತ್ತದೆ. ನಮ್ಮ ತೋಟಗಳ ಹಸಿರು ಗಿಳಿಯನ್ನಂತೂ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹೊಸ ಹಕ್ಕಿ ಮನೆಗೆ ಬಂದ ದಿನವೇ ಹಳೆಯದಕ್ಕೆ ತೋರಿಸುವ ಆತುರ ಬೇಡ. ಕನಿಷ್ಠ 30 ದಿನ, ಸಾಧ್ಯವಾದರೆ 45 ದಿನ, ಬಾಗಿಲು ಮುಚ್ಚಿದ ಬೇರೆ ಕೋಣೆಯಲ್ಲಿರಲಿ. ಹಳೆಯ ಹಕ್ಕಿಗೆ ಮೊದಲು ಊಟ ಹಾಕಿ, ಆಮೇಲೆ ಹೊಸದಕ್ಕೆ. ನಂತರ ಸೋಪು ಹಚ್ಚಿ ಕೈ ತೊಳೆಯಿರಿ. ಗಿಳಿಜ್ವರ ತರುವ ಕ್ಲಮೈಡಿಯಾ ಸಿಟ್ಟಾಸಿ ಎಂಬ ಬ್ಯಾಕ್ಟೀರಿಯಾ ಹೊರನೋಟಕ್ಕೆ ಆರೋಗ್ಯವಾಗಿರುವ ಹಕ್ಕಿಯಲ್ಲೂ ಇರುತ್ತದೆ, ಒಣಗಿದ ಹಿಕ್ಕೆಯ ಧೂಳಿನ ಮೂಲಕ ಮನುಷ್ಯರಿಗೂ ಹರಡುತ್ತದೆ. ಹಿಕ್ಕೆಯ ಮಾದರಿಯನ್ನು ಪಶುವೈದ್ಯರ ಮೂಲಕ ಪರೀಕ್ಷೆಗೆ ಕಳಿಸುವುದು ಒಳ್ಳೆಯದು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಕೊಕ್ಕಿನ ಸುತ್ತ ಬಿಳಿ ಹೊಪ್ಪಳೆ ಕಂಡರೆ (ಅದು ನುಸಿ ರೋಗ), ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತಿದ್ದರೆ ಕಾಯದೆ ತೋರಿಸಿ. ಒಂದು ಗ್ರಾಂ ನಿಖರತೆಯ ಅಡುಗೆಮನೆ ತಕ್ಕಡಿಯಲ್ಲಿ ಎರಡೂ ಹಕ್ಕಿಗಳ ತೂಕ ಬರೆದಿಡಲು ಈ ಅವಧಿಯಲ್ಲೇ ಶುರುಮಾಡಿ. ಆ ಲೆಕ್ಕ ಮುಂದೆ ಬೇಕಾಗುತ್ತದೆ.

ಕಾಯುವ ಈ ದಿನಗಳಲ್ಲಿ ಪಂಜರದ ಕೆಲಸ ಮುಗಿಸಿಕೊಳ್ಳಬಹುದು. ಹಕ್ಕಿಗಳ ಸ್ವಭಾವವೇ ಹಾಗೆಂದು ನಾವು ದೂರುವ ಬಹುತೇಕ ಜಗಳಗಳಿಗೆ ಕಾರಣ ಪಂಜರದೊಳಗಿನ ವಸ್ತುಗಳು. ಮೊದಲನೆಯದು ಮಡಕೆ. ಪಂಜರ ಕೊಂಡರೆ ಅಂಗಡಿಯವರು ಕೇಳದಿದ್ದರೂ ಒಂದು ಮಣ್ಣಿನ ಕುಡಿಕೆ ಸೇರಿಸಿ ಕೊಡುತ್ತಾರೆ. ಹಕ್ಕಿ ಅದರಲ್ಲಿ ಮಲಗುತ್ತದೆಂದು ನಾವು ಅಂದುಕೊಳ್ಳುತ್ತೇವೆ. ಬಡ್ಜಿ ಮಲಗುವುದು ಕೊಂಬೆಯ ಮೇಲೆ. ಮಡಕೆ ಅದಕ್ಕೆ ಮೊಟ್ಟೆಯಿಡುವ ಪೊಟರೆ. ಅದು ಕಣ್ಣಿಗೆ ಬಿದ್ದರೆ ಸಾಕು, ಹೆಣ್ಣಿನ ದೇಹ ಸಂತಾನಕ್ಕೆ ಸಜ್ಜಾಗುತ್ತದೆ, ಆ ಜಾಗಕ್ಕೆ ಯಾರೂ ಹತ್ತಿರ ಬರುವಂತಿಲ್ಲ. ಎರಡು ಹೆಣ್ಣು, ಒಂದು ಮಡಕೆ ಇದ್ದ ಪಂಜರದಲ್ಲಿ ಒಂದು ಸಾಯುವವರೆಗೂ ಕಾದಾಟ ಹೋಗಬಹುದು. ತೆಂಗಿನ ಚಿಪ್ಪು, ಬಟ್ಟೆಯ ಗೂಡು, ರಟ್ಟಿನ ಡಬ್ಬಿ ಎಲ್ಲಕ್ಕೂ ಇದೇ ಮಾತು. ತೆಗೆದು ಹೊರಗಿಡಿ. ರಾತ್ರಿ ಹನ್ನೆರಡು ಗಂಟೆಗಳ ಕಾಲ ಕತ್ತಲು ಸಿಗುವಂತೆ ನೋಡಿಕೊಂಡು, ಮೊಟ್ಟೆ ಬೆರೆಸಿದ ಮೆತ್ತನೆಯ ಆಹಾರ ನಿಲ್ಲಿಸಿದರೆ ಬೆದೆಯ ಬಿಸಿ ಇಳಿಯುತ್ತದೆ.

ಗಂಡು ಹೆಣ್ಣು ಗುರುತಿಸಲು ಮೂಗಿನ ಹೊಳ್ಳೆಗಳ ಸುತ್ತಲಿನ ಮೆತ್ತನೆಯ ಪಟ್ಟಿ ನೋಡಬೇಕು. ಬೆಳೆದ ಗಂಡಿಗೆ ಅದು ನೀಲಿ, ಹೆಣ್ಣಿಗೆ ಬಿಳಿಚು ಅಥವಾ ಕಂದು. ಪೂರ್ತಿ ಬಿಳಿ ಅಥವಾ ಪೂರ್ತಿ ಹಳದಿ ಬಣ್ಣದ ಗಂಡುಗಳಲ್ಲಿ ಮಾತ್ರ ಅದು ಗುಲಾಬಿಯಾಗಿಯೇ ಉಳಿಯುವುದರಿಂದ ಮೋಸಹೋಗುವ ಸಂಭವವಿದೆ. ಮರಿ ಬೇಡವೆನ್ನುವವರಿಗೆ ಎರಡು ಗಂಡುಗಳ ಜೋಡಿಯಷ್ಟು ನೆಮ್ಮದಿ ಬೇರೆ ಇಲ್ಲ.

ಎರಡು ಬಡ್ಜಿಗೆ ಪಂಜರ ಕನಿಷ್ಠ 80 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲವಿರಲಿ. ಎತ್ತರಕ್ಕಿಂತ ಉದ್ದ ಮುಖ್ಯ, ಏಕೆಂದರೆ ಅವು ಅಡ್ಡಡ್ಡ ಹಾರುತ್ತವೆ. ಚೆಂದಕ್ಕೆಂದು ಕೊಳ್ಳುವ ದುಂಡನೆಯ ಗೋಪುರದ ಪಂಜರ ದುಡ್ಡು ದಂಡ. ಸರಳುಗಳ ನಡುವೆ 12 ಮಿ.ಮೀ. ಮೀರಬಾರದು. ಎಲ್ಲಕ್ಕಿಂತ ಮೇಲಿನ ಕೊಂಬೆ ಒಂದೇ ಇದ್ದರೆ ಅದಕ್ಕಾಗಿ ದಿನವೂ ಕಿತ್ತಾಟ. ಹಾಗಾಗಿ ಒಂದೇ ಎತ್ತರದಲ್ಲಿ ಎರಡು ಕಟ್ಟಿ. ಬೆರಳು ದಪ್ಪದ ಸೀಬೆ ಅಥವಾ ಬೇವಿನ ಕೊಂಬೆ ತೊಳೆದು ಒಣಗಿಸಿದರೆ ಸಾಕು. ಕಾಳಿನ ಬಟ್ಟಲು ಮೂರು, ನೀರಿನದು ಎರಡು, ಪರಸ್ಪರ ದೂರದಲ್ಲಿ. ಕನ್ನಡಿ ತೆಗೆಯಿರಿ: ಒಂಟಿ ಹಕ್ಕಿ ಬಿಂಬವನ್ನೇ ಸಂಗಾತಿ ಎಂದುಕೊಂಡಿದ್ದರೆ ನಿಜವಾದ ಸಂಗಾತಿ ಅದಕ್ಕೆ ಕಾಣುವುದು ಎದುರಾಳಿಯಾಗಿ.

ಬೇರೆ ಕೋಣೆಯಲ್ಲಿಡುವ ಅವಧಿ ಮುಗಿದ ಮೇಲೆ ಎರಡು ಪಂಜರಗಳನ್ನು ಒಂದೇ ಕೋಣೆಯಲ್ಲಿ ಎರಡು ಮೀಟರ್ ಅಂತರದಲ್ಲಿಡಿ. ಇನ್ನೊಂದು ಕಾಣುತ್ತಿರುವಾಗಲೂ ಎರಡೂ ನಿರಾಳವಾಗಿ ತಿನ್ನುತ್ತ, ಗರಿ ತೀಡಿಕೊಳ್ಳುತ್ತ ಇದ್ದರೆ ಸ್ವಲ್ಪ ಹತ್ತಿರ ತನ್ನಿ. ಒಂದು ಅಡಿಗಿಂತ ಹತ್ತಿರ ಮಾತ್ರ ಬೇಡ. ಸರಳಿಗೆ ಜೋತುಬಿದ್ದ ಹಕ್ಕಿಯ ಬೆರಳನ್ನು ಆಚೆಯದು ಕಚ್ಚುತ್ತದೆ. ಈ ಹಂತಕ್ಕೆ ವಾರ ಹಿಡಿಯಲಿ, ಮೂರು ವಾರವೇ ಹಿಡಿಯಲಿ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಸ್ಪರ ಅಪರಿಚಿತವಾದ ಮಂಕ್ ಪ್ಯಾರಕೀಟ್ ಎಂಬ ಜಾತಿಯ ಗಿಳಿಗಳನ್ನು ಒಂದೆಡೆ ಬಿಟ್ಟು ಗಮನಿಸಿದಾಗಲೂ ಕಂಡದ್ದು ಇಂಥದೇ ನಿಧಾನ: ಮೊದಲು ತುಸು ಹತ್ತಿರ ಕೂರುವುದು, ನಂತರ ಮೈಗೆ ಮೈ ತಾಗಿಸುವುದು, ಆಮೇಲಷ್ಟೇ ಒಂದರ ಗರಿ ಇನ್ನೊಂದು ತೀಡುವುದು.

ಮುಖಾಮುಖಿ ಭೇಟಿ ಯಾರ ಪಂಜರದಲ್ಲೂ ಬೇಡ, ಕೋಣೆಯಲ್ಲಿ ಆಗಲಿ. ಫ್ಯಾನ್ ನಿಲ್ಲಿಸಿ, ಕಿಟಕಿಗೆ ಪರದೆ ಎಳೆದು, ಮೇಜಿನ ಮೇಲೆ ಎರಡು ಕೊಂಬೆಗಳನ್ನು ದೂರ ದೂರ ನಿಲ್ಲಿಸಿ. ಸಂಜೆಯ ಊಟಕ್ಕೆ ಮುಂಚೆ ಹದಿನೈದು ನಿಮಿಷ ಸಾಕು. ಕೈಯಲ್ಲಿ ನವಣೆ ತೆನೆ ಇರಲಿ; ಪರದೇಶದಿಂದ ಪ್ಯಾಕೆಟ್‌ನಲ್ಲಿ ಬರುವ ದುಬಾರಿ ‘ಮಿಲ್ಲೆಟ್ ಸ್ಪ್ರೇ’ಯೂ ಸಾಮಾನ್ಯವಾಗಿ ನವಣೆಯೇ. ಮೊದಲ ದಿನಗಳಲ್ಲಿ ಒಂದೊಂದಕ್ಕೆ ಒಂದೊಂದು ತೆನೆ, ಆಮೇಲೆ ಉದ್ದನೆಯ ಒಂದೇ ತೆನೆ ನಡುವೆ. ಇನ್ನೊಂದು ಹಕ್ಕಿ ಇದ್ದಾಗಲೇ ತೆನೆ ಸಿಗುತ್ತದೆಂದು ಎರಡಕ್ಕೂ ಗೊತ್ತಾಗಬೇಕು. ಭೇಟಿಗಳು ಒಂದು ಗಂಟೆಯವರೆಗೆ ಶಾಂತವಾಗಿ ನಡೆದರೆ ಪಂಜರ ಒಂದುಮಾಡುವ ಕಾಲ ಬಂತು. ಚೆನ್ನಾಗಿ ತೊಳೆದು, ಕೊಂಬೆ ಬಟ್ಟಲುಗಳ ಜಾಗ ಬದಲಿಸಿ, ಪಂಜರವನ್ನೇ ಬೇರೆ ಮೂಲೆಗೆ ಸರಿಸಿ, ಎರಡನ್ನೂ ಒಟ್ಟಿಗೇ ಬಿಡಿ. ಯಾರಾದರೂ ದಿನವಿಡೀ ಮನೆಯಲ್ಲಿರುವ ರಜಾದಿನದ ಬೆಳಿಗ್ಗೆ ಇದಕ್ಕೆ ಸರಿಯಾದ ಹೊತ್ತು.

ಕೊಕ್ಕಿಗೆ ಕೊಕ್ಕು ತಾಗಿಸಿ ಟಕಟಕ ಅನ್ನಿಸುವುದು, ತಲೆ ಕುಣಿಸುವುದು, ಗುಟುಕು ಕೊಡುವುದು ಸ್ನೇಹ. ಗರಿ ಮೈಗಂಟಿಸಿ, ಮೈ ಮುಂದೆ ಚಾಚಿ, ಕೊಕ್ಕು ತೆರೆದು ನುಗ್ಗುವುದು ಬೆದರಿಕೆ. ಕಾಕಟೀಲ್ ಜುಟ್ಟನ್ನು ಹಿಂದಕ್ಕೆ ಮಲಗಿಸಿ ಬುಸುಗುಟ್ಟಿದರೆ ಹತ್ತಿರ ಬರಬೇಡ ಎಂದರ್ಥ. ಚಿಕ್ಕ ಕಿತ್ತಾಟಕ್ಕೆಲ್ಲ ನಡುವೆ ಹೋಗಬೇಡಿ. ಓಡಿಸಿಕೊಂಡದ್ದು ಬೇರೆ ಕೊಂಬೆಗೆ ಹೋದಾಗ ಓಡಿಸಿದ್ದು ಅಲ್ಲಿಗೇ ಬಿಟ್ಟರೆ ಸರಿ. ಬೆನ್ನು ಬಿಡದೆ ಮೂಲೆಗೆ ತಳ್ಳಿದರೆ, ಒಂದು ಸದಾ ಪಂಜರದ ತಳದಲ್ಲೇ ಕೂತಿದ್ದರೆ, ಪಾದದಲ್ಲೋ ಮೂಗಿನ ಪಟ್ಟಿಯಲ್ಲೋ ರಕ್ತ ಕಂಡರೆ ಅಂದೇ ಬೇರೆ ಮಾಡಿ. ಕಾದಾಡುವ ಹಕ್ಕಿಗಳ ನಡುವೆ ಕೈ ಹಾಕಬೇಡಿ, ರಟ್ಟು ತೂರಿಸಿ ಅಥವಾ ಟವೆಲ್ ಹಾಕಿ. ಉಗುರು ಕಿತ್ತು ರಕ್ತ ಬರುತ್ತಿದ್ದರೆ ಕಾರ್ನ್‌ಫ್ಲೋರ್ ಒತ್ತಿಹಿಡಿದು ವೈದ್ಯರಲ್ಲಿಗೆ ಒಯ್ಯಿರಿ.

ಸದ್ದಿಲ್ಲದ ಕಿರುಕುಳ ಇನ್ನೂ ಅಪಾಯಕಾರಿ. ಬಟ್ಟಲು ತುಂಬಿದಂತೆ ಕಾಣುತ್ತದೆ, ಆದರೆ ಮೇಲಿರುವುದು ಬರೀ ಹೊಟ್ಟು. ಒಂದು ತಿಂದು ಮುಗಿಸಿದೆ, ಇನ್ನೊಂದು ಉಪವಾಸ. ದಿನವೂ ಹೊಟ್ಟು ಊದಿ ನೋಡಿ, ಮೊದಲ ತಿಂಗಳು ತೂಕ ತಪ್ಪಿಸಬೇಡಿ. ಶೇ. 10ರಷ್ಟು ಇಳಿದರೆ, 35 ಗ್ರಾಮಿನ ಹಕ್ಕಿಗೆ ಅದು ಮೂರೂವರೆ ಗ್ರಾಂ, ಪ್ರತ್ಯೇಕಿಸಿ ವೈದ್ಯರಿಗೆ ತೋರಿಸಬೇಕು.

ಹೊಂದಿಕೊಂಡದ್ದಕ್ಕೆ ಕಿವಿಗೂ ಒಂದು ಗುರುತು ಸಿಗುತ್ತದೆ. ಬೇರೆ ಬೇರೆ ಕಡೆಯಿಂದ ಬಂದ ಬಡ್ಜಿಗಳು ಒಟ್ಟಿಗಿದ್ದರೆ ಕೆಲವು ವಾರಗಳಲ್ಲಿ ಅವುಗಳ ಕರೆಯುವ ಕೂಗು ಒಂದನ್ನೊಂದು ಹೋಲತೊಡಗುತ್ತದೆ. ಗಂಡು ತನ್ನ ಜೊತೆಗಾತಿಯ ಕೂಗನ್ನು ಅನುಕರಿಸುವುದು ಪ್ರಯೋಗಗಳಲ್ಲಿ ದಾಖಲಾಗಿದೆ.

ಕೆಲವು ಜೋಡಿಗಳು ಏನು ಮಾಡಿದರೂ ಕೂಡುವುದಿಲ್ಲ, ಅದರಲ್ಲೂ ವಯಸ್ಸಾದ ಎರಡು ಹೆಣ್ಣುಗಳು. ಅವಕ್ಕೆ ಒಂದಡಿ ಅಂತರದಲ್ಲಿ ಎರಡು ಪಂಜರ ಖಾಯಂ ಆಗಿರಲಿ, ದಿನಕ್ಕೊಮ್ಮೆ ನಿಮ್ಮ ಕಣ್ಣೆದುರಿನಲ್ಲಿ ಒಟ್ಟಿಗೆ ಹಾರಾಡಲಿ. ಕೂಗಿಗೆ ಮರುಕೂಗು ಕೊಡಲು ಆ ದೂರ ಅಡ್ಡಿಯಾಗದು.