ತೂಕ ಇಳಿಸುವ ಎರಡನೇ ಆಪರೇಷನ್: ಮೊದಲನೆಯದು ಎಲ್ಲಿ ಸೋತಿತು?

ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕೊಳವೆ ಉಳಿಸುತ್ತಾರೆ. ಕೆಲವರಿಗೆ ಕೆಲವು ವರ್ಷಗಳಲ್ಲಿ ಇಳಿದ ತೂಕ ಮರಳುತ್ತದೆ. ಇನ್ನು ಕೆಲವರಿಗೆ ತೂಕದ ತೊಂದರೆಯಿಲ್ಲ, ಮಲಗಿದೊಡನೆ ಗಂಟಲಿಗೆ ಹುಳಿ ಏರುತ್ತದೆ. ಇಬ್ಬರಿಗೂ ಎರಡನೇ ಆಪರೇಷನ್ ಬೇಕಾಗಬಹುದು, ಆದರೆ ಫಲ ಬೇರೆ ಬೇರೆ.

ಹುಳಿ ಏರುವವರಿಗೆ ಜಠರದ ಬೈಪಾಸ್, ಅಂದರೆ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್, ಚೆನ್ನಾಗಿ ಒಗ್ಗುತ್ತದೆ. ಸ್ಲೀವ್ ಕೊಳವೆಯ ಕೆಳಬಾಗಿಲು ಬಿಗಿಯಾಗಿಯೇ ಇರುವುದರಿಂದ ಒಳಗೆ ಒತ್ತಡ ಹೆಚ್ಚು. ಬೈಪಾಸಿನಲ್ಲಿ ಉಳಿಯುವುದು ಸುಮಾರು 30 ಮಿ.ಲೀ. ಚೀಲ. ಅಲ್ಲಿ ಆಮ್ಲ ಕಡಿಮೆ, ಚೀಲಕ್ಕೆ ಜೋಡಿಸಿದ 100–150 ಸೆಂ.ಮೀ. ಕರುಳು ಪಿತ್ತವನ್ನು ದೂರವಿಡುತ್ತದೆ. ತೂಕ ಮಾತ್ರ ಮೊದಲ ಸಲದಷ್ಟು ಇಳಿಯದು. ಹೆಚ್ಚು ಇಳಿಸುವ, ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ 'ಸಾಡಿ' (SADI) ವಿಧಾನದಲ್ಲಿ ಆಹಾರ ಹೀರಲು ಉಳಿಯುವ ಕರುಳು 250–300 ಸೆಂ.ಮೀ. ಅಷ್ಟೇ. ಅದನ್ನೂ ಮೊಟಕು ಮಾಡಿದರೆ ಭೇದಿ, ಪ್ರೋಟೀನ್ ಕೊರತೆ, ಎ ಮತ್ತು ಡಿ ವಿಟಮಿನ್ ಕೊರತೆ ಬೆನ್ನು ಹತ್ತುತ್ತವೆ.

ಆದ್ದರಿಂದ ಮೊದಲು ದೋಷ ಹುಡುಕಬೇಕು: ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ. ಜಠರದ ಮೇಲ್ತುದಿ ಕತ್ತರಿಸದೆ ಉಳಿದಿದೆಯೇ? ಕೊಳವೆ ಹಿಗ್ಗಿದೆಯೇ? ವಪೆಯಲ್ಲಿ ಹರ್ನಿಯಾ ಇದೆಯೇ? ಸರಿಪಡಿಸಬಲ್ಲ ದೋಷ ಸಿಕ್ಕರೆ ಭರವಸೆ ಹೆಚ್ಚು. ಏನೂ ಸಿಗದೆ, ಮೊದಲ ಸಲವೇ ದೇಹ ಸ್ಪಂದಿಸದಿದ್ದರೆ, ಅಂದರೆ 120 ಕಿಲೋ ಇದ್ದವರು 24 ಕಿಲೋ, ಶೇ. 20ರಷ್ಟೂ ಇಳಿಯದಿದ್ದರೆ, ಮತ್ತೆ ಕತ್ತರಿಸುವುದರಿಂದ ಹೆಚ್ಚು ನಿರೀಕ್ಷಿಸಬಾರದು. ಅಂಥವರಿಗೆ ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಇಂಜೆಕ್ಷನ್ನನ್ನು ಮೊದಲು ಯೋಚಿಸುವುದೇ ಲೇಸು.

ಊಟದ ದಿನಚರಿಯೂ ಅಷ್ಟೇ ಮುಖ್ಯ. ಕಿರಿದಾದ ಜಠರ ಚಪಾತಿಯನ್ನು ತಡೆಯುತ್ತದೆ, ಐಸ್‌ಕ್ರೀಮ್ ಮಾತ್ರ ಕರಗಿ ಜಾರಿಹೋಗುತ್ತದೆ. ಅನ್ನ-ಸಾರು, ಮುದ್ದೆಯಿಂದ ಹೊಟ್ಟೆ ತುಂಬಿದರೂ ದಿನಕ್ಕೆ ಬೇಕಾದ 60–80 ಗ್ರಾಂ ಪ್ರೋಟೀನ್ ಸಿಗದು. ಮೊಟ್ಟೆ, ಮೀನು, ಪನೀರ್, ಕಾಳು ತಟ್ಟೆಗೆ ಮೊದಲು ಬರಬೇಕು. ಕಬ್ಬಿಣ, ಬಿ12 ಮಟ್ಟ ಕುಸಿದಿದ್ದರೆ ಆಪರೇಷನ್ನಿಗೆ ಮುಂಚೆಯೇ ಸರಿಪಡಿಸಬೇಕು.

ಅಪಾಯವೂ ಮೊದಲ ಸಲಕ್ಕಿಂತ ಹೆಚ್ಚು. ಅಂಗಾಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಲವರಿಗೆ ಮೊದಲ ಸಲ ಸ್ಲೀವ್ ಬದಲು ಜಠರದ ಮೇಲ್ಭಾಗಕ್ಕೆ ಬಿಗಿಯುವ ಬ್ಯಾಂಡ್ (ಪಟ್ಟಿ) ಹಾಕಿರುತ್ತಾರೆ; ಆ ಜಾಗದಲ್ಲಿ ಗಾಯದ ಅಂಗಾಂಶ ದಪ್ಪಗಟ್ಟಿದ್ದರೆ ಜಠರ ಹೊಲಿಯುವ ಸ್ಟೇಪಲ್ ಸರಿಯಾಗಿ ಕೂರದೆ ಸೋರಬಹುದು. ಬ್ಯಾಂಡ್ ತೆಗೆದು ಎರಡು-ಮೂರು ತಿಂಗಳು ಬಿಟ್ಟು ಬೈಪಾಸ್ ಮಾಡುವ ರೂಢಿ ಇರುವುದು ಇದಕ್ಕೇ.

ಸರ್ಜನ್ ಬಳಿಗೆ ಹೋಗುವಾಗ ಡಿಸ್ಚಾರ್ಜ್ ಸಮ್ಮರಿಯಷ್ಟೇ ಸಾಲದು, ಮೊದಲ ಆಪರೇಷನ್ನಿನ ಪೂರ್ತಿ ಟಿಪ್ಪಣಿ ಕೇಳಿ ಪಡೆಯಿರಿ. ಅಳತೆಗೆಂದು ಒಳಗಿಟ್ಟ ಎಷ್ಟು ದಪ್ಪದ ನಳಿಕೆಯ ಮೇಲೆ ಜಠರ ಕತ್ತರಿಸಿದರು, ಎಷ್ಟು ಸೆಂ.ಮೀ. ಕರುಳು ಬಿಟ್ಟು ಜೋಡಿಸಿದರು ಎಂಬುದು ಅದರಲ್ಲಿರಬೇಕು.