ಮಿಸ್‌ಫೈರ್: ಹಾರದ ಗುಂಡಿನ ಹೆಸರು

‘ಬಂದೂಕು ಮಿಸ್‌ಫೈರ್, ಯುವಕನಿಗೆ ಗಾಯ.’ ಇಂಥ ತಲೆಬರಹ ನಮ್ಮ ಪತ್ರಿಕೆ, ಟೀವಿಗಳಲ್ಲಿ ಆಗಾಗ ಕಾಣುತ್ತದೆ. ಕೋವಿ ಒರೆಸುವಾಗ ಗುಂಡು ಹಾರಿತು, ಬೇಲಿ ದಾಟುವಾಗ ಕೈ ತಾಗಿ ಹಾರಿತು, ಪಿಸ್ತೂಲು ಒಳಗಿಡುವಾಗ ಹಾರಿತು. ಎಲ್ಲಕ್ಕೂ ಒಂದೇ ಪದ, ಮಿಸ್‌ಫೈರ್. ಆದರೆ ಕೋವಿ ಬಳಸುವವರ ಬಾಯಲ್ಲಿ ಈ ಪದದ ಅರ್ಥ ಪೂರಾ ಉಲ್ಟಾ. ಬೇಡದ ಹೊತ್ತಲ್ಲಿ ಗುಂಡು ಹಾರಿದರೆ ಅದು ಮಿಸ್‌ಫೈರ್ ಅಲ್ಲ. ಬೇಕು ಅಂತಲೇ ಟ್ರಿಗರ್ ಎಳೆದು, ‘ಟಿಕ್’ ಅಂತ ಸದ್ದಾಗಿ, ಗುಂಡು ಹಾರದೇ ಹೋದರೆ ಅದು ಮಿಸ್‌ಫೈರ್.

ದೀಪಾವಳಿಯಲ್ಲಿ ಬತ್ತಿ ಹಚ್ಚಿ ಓಡಿ ಬಂದು ಕಿವಿ ಮುಚ್ಚಿಕೊಂಡು ಕಾಯುತ್ತೀರಿ. ಪಟಾಕಿ ಸುಮ್ನೆ ಕೂತಿರುತ್ತದೆ. ಠುಸ್. ಅಷ್ಟೇ. ಬೈಕ್ ಮೆಕ್ಯಾನಿಕ್ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಅನ್ನುವುದೂ ಇದನ್ನೇ: ಪೆಟ್ರೋಲು ಹೊತ್ತಿಕೊಳ್ಳಬೇಕಾದಾಗ ಹೊತ್ತಿಕೊಳ್ಳಲಿಲ್ಲ. ಗ್ಯಾರೇಜಿನವರು ಸರಿಯಾಗಿ ಬಳಸುವ ಪದವನ್ನು ಸುದ್ದಿಮನೆಯವರು ತಲೆಕೆಳಗು ಮಾಡಿಟ್ಟಿದ್ದಾರೆ ಅನ್ನೋದು ನನ್ನ ತಕರಾರು. ‘ಆಕಸ್ಮಿಕವಾಗಿ ಗುಂಡು ಹಾರಿತು’ ಅನ್ನೋ ಒಳ್ಳೆಯ ಕನ್ನಡ ಇರುವಾಗ ಈ ಪದ ಯಾಕೆ ಬೇಕು?

ಪದ ಅರ್ಥವಾಗಬೇಕಾದರೆ ಕೋವಿಯ ಒಳಗೆ ಸ್ವಲ್ಪ ಇಣುಕಬೇಕು. ಎಲ್ಲರೂ ಕಂಡಿರುವ ‘ತ್ರೀ ನಾಟ್ ತ್ರೀ’ಯನ್ನೇ ತೆಗೆದುಕೊಳ್ಳೋಣ. ಹಳೇ ಸಿನಿಮಾಗಳ ಪೊಲೀಸರ ಹೆಗಲಲ್ಲಿ ನೇತಾಡುತ್ತಿತ್ತಲ್ಲ, ಆ ಉದ್ದನೆಯ ಮರದ ರೈಫಲ್. ಅಸಲಿ ಹೆಸರು ಲೀ-ಎನ್‌ಫೀಲ್ಡ್. ಬ್ರಿಟಿಷರು ಇದನ್ನು ಸೇನೆಗೆ ತಂದಿದ್ದು 1895ರಲ್ಲಿ. ನಮ್ಮಲ್ಲಿ ಜಾಸ್ತಿ ಓಡಾಡಿದ್ದು 1907ರ ಮಾದರಿ, ಬಂಗಾಳದ ಇಷಾಪುರದ ಕಾರ್ಖಾನೆಯಲ್ಲೂ ತಯಾರಾಗುತ್ತಿತ್ತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರಲ್ಲಿ!

ಇದು ಬೋಲ್ಟ್ ಆ್ಯಕ್ಷನ್ ರೈಫಲ್. ಬೋಲ್ಟ್ ಅಂದರೆ ಬೇರೇನಲ್ಲ, ಬಾಗಿಲ ಚಿಲಕ. ಹಿಡಿಯನ್ನು ಎತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ (ಗುಂಡು, ಮದ್ದು ತುಂಬಿರುವ ಹಿತ್ತಾಳೆ ಕೊಳವೆ) ಹೊರಬೀಳುತ್ತದೆ. ಮುಂದೆ ತಳ್ಳಿ ಕೆಳಗೆ ಒತ್ತಿದರೆ ಹೊಸ ತೋಟಾ ಒಳಗೆ ಹೋಗಿ ಬಾಗಿಲು ಭದ್ರವಾಗುತ್ತದೆ. ಈ ಚಿಲಕದ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು, ಒಂದು ಪಿನ್ನು. ತೋಟಾದ ತಳದ ನಡುವೆ ತೊಗರಿಬೇಳೆಯಷ್ಟಗಲದ ಒಂದು ಕೇಪು. ಮಕ್ಕಳು ಪಟಾಕಿ ಪಿಸ್ತೂಲಿಗೆ ಹಾಕಿ ಹೊಡೆಯುವ ಕೇಪಿನ ಅಣ್ಣ ಅಂದುಕೊಳ್ಳಿ. ಟ್ರಿಗರ್ ಎಳೆದಾಗ ಪಿನ್ನು ಸುತ್ತಿಗೆಯಂತೆ ಬಂದು ಕೇಪಿಗೆ ಬಡಿಯುತ್ತದೆ. ಕೇಪಿನೊಳಗಿನ ಮದ್ದಿನ ಆಚೆ ಬದಿಗೆ ಒಂದು ಪುಟ್ಟ ಅಡಿಗಲ್ಲು ಇರುತ್ತದೆ. ಎರಡರ ನಡುವೆ ಸಿಕ್ಕ ಮದ್ದು ಜಜ್ಜಿ ಕಿಡಿ ಹಾರುತ್ತದೆ, ಆ ಕಿಡಿ ತೋಟಾದೊಳಗಿನ ದೊಡ್ಡ ಮದ್ದಿಗೆ ತಗಲುತ್ತದೆ. (ಈ ಅಡಿಗಲ್ಲು ಕೇಪಿನಲ್ಲೇ ಇರಬೇಕೋ ತೋಟಾದ ತಳದಲ್ಲಿರಬೇಕೋ ಅಂತ 1866ರಲ್ಲಿ ಎರಡು ದಾರಿಗಳಾದವು. ಕೇಪಿನಲ್ಲಿಟ್ಟವನು ಇಂಗ್ಲೆಂಡಿನ ಬಾಕ್ಸರ್ ಎಂಬ ಹೆಸರಿನವನು, ತೋಟಾದಲ್ಲಿಟ್ಟವನು ಅಮೆರಿಕದ ಬರ್ಡನ್. ತಮಾಷೆಯೆಂದರೆ ಬಾಕ್ಸರನ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಬರ್ಡನನದು ಯೂರೋಪಿನಲ್ಲಿ.)

ಈ ಸರಪಳಿಯಲ್ಲಿ ಎಲ್ಲಿ ಒಂದು ಕೊಂಡಿ ತಪ್ಪಿದರೂ ಮಿಸ್‌ಫೈರ್.

ಇದಕ್ಕೆ ಇಬ್ಬರು ದಾಯಾದಿಗಳಿದ್ದಾರೆ, ಇಬ್ಬರೂ ಅಪಾಯದವರು. ಒಂದು ಹ್ಯಾಂಗ್‌ಫೈರ್. ಕೇಪು ಹೊತ್ತಿದೆ, ಒಳಗಿನ ಮದ್ದು ತಡವಾಗಿ ಹೊತ್ತುತ್ತದೆ. ‘ಟಿಕ್’ ಅಂತು, ಏನೂ ಆಗಲಿಲ್ಲ ಅಂದುಕೊಳ್ಳುವಷ್ಟರಲ್ಲಿ ಢಂ! ಪಟಾಕಿ ಆರಿತು ಅಂತ ಬಗ್ಗಿ ನೋಡಿದವರ ಕಥೆ ಗೊತ್ತಲ್ವಾ, ಅದೇ ಇದು. ಇನ್ನೊಂದು ಸ್ಕ್ವಿಬ್. ಇದರಲ್ಲಿ ಗುಂಡು ಹಾರುತ್ತದೆ, ಆದರೆ ಬಲವಿಲ್ಲದೆ ‘ಪುಸ್’ ಅಂತ ಹೋಗಿ ನಳಿಗೆಯ ನಡುವೆಯೇ ಸಿಕ್ಕಿಕೊಳ್ಳಬಹುದು. ಸದ್ದು ಸಪ್ಪೆಯಾಗಿತ್ತು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಕೋವಿ ಖಾಲಿ ಮಾಡಿ ನಳಿಗೆ ನೋಡದೆ ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆಯೇ ಸೀಳಬಹುದು.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ನನಗೂ ಒಮ್ಮೆ ಮಿಸ್‌ಫೈರ್ ಆಯಿತು. ನಮ್ಮ ಕೈಗೆ ಕೊಡುತ್ತಿದ್ದದ್ದು ಪಾಯಿಂಟ್ ಟೂ ಟೂ ರೈಫಲ್, ಅದೂ ಬೋಲ್ಟ್‌ನದೇ. ನೆಲದ ಮೇಲೆ ಬೋರಲು ಮಲಗಿದ್ದೆ. ನಾಲ್ಕು ಗುಂಡು ಹೋದವು. ಐದನೆಯದಕ್ಕೆ ‘ಟಿಕ್’. ಏನಾಯಿತು ಅಂತ ರೈಫಲ್ ಸಮೇತ ಹಿಂದೆ ತಿರುಗಬೇಕು ಅನ್ನುವಷ್ಟರಲ್ಲಿ ತರಬೇತಿ ಕೊಡುವ ಉಸ್ತಾದರ ಬೂಟು ನನ್ನ ಮೊಣಕೈ ಪಕ್ಕ ಬಂದು ನಿಂತಿತು. ‘ಹಿಲೋ ಮತ್!’ ಅಲ್ಲಾಡಬೇಡ. ನಳಿಗೆ ಗುರಿಯ ಕಡೆಗೇ ಇರಲಿ, ಬೋಲ್ಟ್ ಮುಟ್ಟಬೇಡ. ಅವರು ಗಡಿಯಾರ ನೋಡುತ್ತಾ ನಿಂತರು. ಕನಿಷ್ಠ 30 ಸೆಕೆಂಡು ಕಾಯಬೇಕು, ಕೆಲವು ಕಡೆ 1 ನಿಮಿಷ ಅನ್ನುತ್ತಾರೆ. ಅವಸರದಲ್ಲಿ ಬೋಲ್ಟ್ ತೆರೆದು, ಆಗ ಮದ್ದು ಹೊತ್ತಿದರೆ, ತೋಟಾದ ತೆಳು ಹಿತ್ತಾಳೆಗೆ ಸುತ್ತ ಉಕ್ಕಿನ ಆಸರೆಯೇ ಇರುವುದಿಲ್ಲ. ಮುಖದ ಮುಂದೆಯೇ ಒಡೆಯುತ್ತದೆ.

ಕಾದ ಮೇಲೆ ತೋಟಾ ಹೊರಗೆ ತೆಗೆದು ಅದರ ತಳ ನೋಡಬೇಕು. ರೋಗ ಪತ್ತೆಯಾಗುವುದು ಇಲ್ಲೇ.

ಕೇಪಿನ ಮೇಲೆ ಗುಳಿಯೇ ಇಲ್ಲವೆಂದರೆ ಪಿನ್ನು ಅಲ್ಲಿಗೆ ಮುಟ್ಟೇ ಇಲ್ಲ. ತುದಿ ಮುರಿದಿರಬಹುದು, ಸವೆದಿರಬಹುದು. ಗುಳಿ ಆಳವಾಗಿ, ನಡುಮಧ್ಯ, ಚೆನ್ನಾಗಿ ಬಿದ್ದಿದೆ, ಆದರೂ ಹಾರಿಲ್ಲ ಅಂದರೆ ಹೆಚ್ಚಾಗಿ ಕೋವಿಯ ತಪ್ಪಲ್ಲ, ತೋಟಾದ್ದು. ಹಳೆಯದು, ತೇವ ಕುಡಿದದ್ದು, ಇಲ್ಲವೇ ಎಣ್ಣೆ ಇಳಿದು ಕೇಪಿನ ಮದ್ದು ಸತ್ತದ್ದು. ಬೇರೆ ಪೆಟ್ಟಿಗೆಯ ತೋಟಾ ಹಾಕಿದಾಗ ಸರಿಹೋದರೆ ಅನುಮಾನ ಮುಗಿಯಿತು.

ತಲೆನೋವು ಇರುವುದು ಮೂರನೆಯದರಲ್ಲಿ. ಗುಳಿ ಇದೆ, ಆದರೆ ಮೇಲುಮೇಲೆ. ಉಗುರಿನಿಂದ ಒತ್ತಿದ ಹಾಗೆ. ಪೆಟ್ಟು ಬಿದ್ದಿದೆ, ಬಲ ಸಾಲಲಿಲ್ಲ. ಇಲ್ಲಿ ಎಲ್ಲರೂ ಮೊದಲು ಬೈಯುವುದು ಸ್ಪ್ರಿಂಗನ್ನು. ಅದು ಸೋತಿರಲೂಬಹುದು. ಆದರೆ ನಾನಾದರೆ ಮೊದಲು ನೋಡುವುದು ಎಣ್ಣೆಯನ್ನು. ಕೊಡಗನ್ನೇ ನೆನೆಸಿಕೊಳ್ಳಿ. ಮಳೆಗಾಲ ಪೂರ್ತಿ ತುಕ್ಕಿನ ಭಯ. ನಾಟಿ ಮುಗಿದು ಸೆಪ್ಟೆಂಬರ್ ಶುರುವಿಗೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಕೋವಿ ಹೊರಗೆ ಬರುತ್ತದೆ, ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಆಗುತ್ತದೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ತಿಂಗಳುಗಟ್ಟಲೆ ಎಣ್ಣೆ ಬಳಿದು ಇಟ್ಟ ರೈಫಲ್ ಹೊರಗೆ ಫಳಫಳ ಅನ್ನುತ್ತಿರುತ್ತದೆ. ಬೋಲ್ಟಿನ ಒಳಗೆ ಮಾತ್ರ ಆ ಎಣ್ಣೆ ದೂಳಿನ ಜೊತೆ ಸೇರಿ ಹಲಸಿನ ಮೇಣದಂತೆ ಆಗಿದ್ದರೆ, ಪಿನ್ನು ಆ ಮೇಣದಲ್ಲಿ ಈಜಿಕೊಂಡು ಹೋಗಿ ಸುಸ್ತಾಗಿ ಬಡಿಯುತ್ತದೆ. ಬೋಲ್ಟ್ ಬಿಚ್ಚಿಸಿ ತೊಳೆದು, ಒಣಗಿಸಿ, ಒಳಗೆ ತೀರಾ ತೆಳುವಾಗಿ ಎಣ್ಣೆ ಸವರಿದರೆ ಎಷ್ಟೋ ಸಲ ರೋಗ ಹೋಗುತ್ತದೆ.

ಬೋಲ್ಟಿನ ಹಿಡಿ ಪೂರ್ತಿ ಕೆಳಗೆ ಬಂದಿತ್ತಾ ಅನ್ನೋದೂ ಕೇಳಬೇಕಾದ ಪ್ರಶ್ನೆ. ಅರೆಬರೆ ಮುಚ್ಚಿದ್ದರೆ ಪಿನ್ನಿನ ಬಲದಲ್ಲಿ ಒಂದು ಪಾಲು ಹಿಡಿಯನ್ನು ಕೆಳಗೆ ದೂಡುವುದಕ್ಕೇ ಖರ್ಚಾಗುತ್ತದೆ.

ಇನ್ನು ತೋಟಾ ಮತ್ತು ಬೋಲ್ಟಿನ ಮುಖದ ನಡುವಿನ ಸಂದು. ಇದಕ್ಕೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಸಂದು ಜಾಸ್ತಿಯಾದರೆ ಪೆಟ್ಟು ಬಿದ್ದಾಗ ತೋಟಾ ಮುಂದಕ್ಕೆ ಜಾರುತ್ತದೆ, ಏಟು ಮೆತ್ತಗಾಗುತ್ತದೆ. ಒಂದು ರೈಫಲಿನ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದಾಗ ಹೀಗಾಗುವುದುಂಟು. ಅದಕ್ಕೇ ಲೀ-ಎನ್‌ಫೀಲ್ಡ್‌ನಲ್ಲಿ ರೈಫಲಿನ ನಂಬರನ್ನೇ ಬೋಲ್ಟಿನ ಹಿಡಿಯ ಮೇಲೂ ಕೊರೆಯುತ್ತಿದ್ದರು. ಮುಂದೆ ಬಂದ ನಂಬರ್ 4 ಮಾದರಿಯಲ್ಲಿ ಬೋಲ್ಟಿನ ಮೂತಿಯನ್ನೇ 0ಯಿಂದ 3ರವರೆಗೆ ನಾಲ್ಕು ಅಳತೆಗಳಲ್ಲಿ ಮಾಡಿದರು, ಸಂದು ನೋಡಿ ಸರಿಹೊಂದುವುದನ್ನು ತಿರುಗಿಸಿ ಹಾಕಲು. ಇದು ಗೇಜ್ ಇಟ್ಟುಕೊಂಡು ಮಾಡುವ ಕೆಲಸ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಬಿಡಬೇಕು. ಇಂಥ ಕೋವಿಯಲ್ಲಿ ಗುಂಡು ಹಾರದಿರುವುದಕ್ಕಿಂತ ಹಾರುವುದೇ ಹೆಚ್ಚು ಅಪಾಯ.

ಪಾಯಿಂಟ್ ಟೂ ಟೂ ತೋಟಾದ ಕಥೆ ಬೇರೆ. ಅದಕ್ಕೆ ನಡುವೆ ಕೇಪೇ ಇಲ್ಲ. ತಳದ ಅಂಚಿನ ಒಳಗೆ ಸುತ್ತಲೂ ಮದ್ದು ಹರಡಿರುತ್ತದೆ, ಪಿನ್ನು ಬಡಿಯುವುದು ಅಂಚಿಗೆ. ಅಂಚಿನ ಎಲ್ಲೋ ಒಂದು ಕಡೆ ಮದ್ದು ತಲುಪದೆ ಬರಿದಾಗಿದ್ದು, ಪಿನ್ನು ಅಲ್ಲೇ ಬಡಿದರೆ ಠುಸ್. ಉಸ್ತಾದರು ನನ್ನ ಐದನೇ ತೋಟಾ ತೆಗೆದು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಒಳ್ಳೆ ಗುಳಿ ಬಿದ್ದಿತ್ತು. ಸ್ವಲ್ಪ ತಿರುಗಿಸಿ, ಗುಳಿ ಬೇರೆ ಕಡೆ ಬರುವಂತೆ ಮತ್ತೆ ಒಳಗಿಟ್ಟು, ‘ಫೈರ್’ ಅಂದರು. ಈ ಸಲ ಹಾರಿತು. ಆಮೇಲೆ ಹೋಗಿ ಎಣಿಸಿದರೆ ಗುರಿಹಾಳೆಯಲ್ಲಿ ನಾಲ್ಕೇ ತೂತು. ಅದನ್ನು ಮಿಸ್‌ಫೈರ್ ಅನ್ನುವಂತಿಲ್ಲ. ಬರೀ ಮಿಸ್.